ಹನ್ನೆರಡು ತೊಲಿ ಇಂಗ್ಲಿಷ್ ಬೆಳ್ಳಿ

ರಾಯಚೂರು ಸೀಮೆಯ ನೆಲದಲ್ಲಿ ಬಂಗಾರ ಹುಟ್ಟುತ್ತದೆ, ಬೆಳ್ಳಿ ಹುಟ್ಟುವುದಿಲ್ಲ. ಹಟ್ಟಿಯಲ್ಲಿ ಎರಡು ಸಾವಿರ ವರ್ಷದ ಹಿಂದಿನವರು 600 ಅಡಿಗೂ ಮಿಕ್ಕಿ ಆಳಕ್ಕೆ ಇಳಿದು ಬಂಗಾರದ ಕಲ್ಲು ಒಡೆದಿದ್ದರು. ದೇವದುರ್ಗ ತಾಲೂಕಿನ ಊಟಿಯಲ್ಲೂ ಬಂಗಾರದ ಅದಿರು ಉಂಟು. ಬೆಳ್ಳಿ ಮಾತ್ರ ಎರಡು ಹೊಳೆಗಳ ನಡುವಿನ ಈ ಎಡೆದೊರೆ ನಾಡಿಗೆ ಯಾವತ್ತೂ ಹೊರಗಿನಿಂದಲೇ ಬಂದದ್ದು, ಅದೂ ಬಹುಪಾಲು ರೂಪಾಯಿಯ ವೇಷದಲ್ಲಿ. ಹತ್ತಿ ಮಾರಿದ ರೈತ ರೂಪಾಯಿ ತಂದು ಪತ್ತಾರನ ಮುಂದೆ ಸುರಿಯುತ್ತಿದ್ದ. ಅದು ಕರಗಿ ಹೆಂಡತಿಯ ಕಾಲಿಗೆ ಕಡಗ, ಸೊಂಟಕ್ಕೆ ಡಾಬು, ಕೊರಳಿಗೆ ಲಿಂಗದ ಕರಡಿಗೆ ಆಗುತ್ತಿತ್ತು. ಬರಗಾಲ ಬಂದರೆ ಅದೇ ಕಡಗ ಮತ್ತೆ ಸರಾಫನ ತಕ್ಕಡಿಗೆ.

ನಮ್ಮದು ಸರಾಫರ ಮನೆ. ರಾಯಚೂರಿನ ತೀನ್ ಕಂದೀಲಿನ ಹತ್ತಿರ ಅಪ್ಪನ ಅಂಗಡಿ. ಆರನೇ ಇಯತ್ತೆಯಿಂದ ಕಾಲೇಜಿನಲ್ಲಿ ಕಾಮರ್ಸ್ ಪಾಠ ಹೇಳುವ ನೌಕರಿ ಸಿಗುವ ತನಕ ಅಂಗಡಿಯ ವಹಿ ಬರೆದವಳು ನಾನು. ಅಪ್ಪನಿಗೆ ಮೂರು ತರದ ಬೆಳ್ಳಿ ಗೊತ್ತಿತ್ತು. ಕಲದಾರ, ಅಂದರೆ ಬ್ರಿಟಿಷರ ರೂಪಾಯಿ: ನೂರಕ್ಕೆ 91.66 ಬೆಳ್ಳಿ. ಹಾಲಿ ಸಿಕ್ಕಾ, ನಿಜಾಮರದ್ದು: ನೂರಕ್ಕೆ 82ಕ್ಕಿಂತ ತುಸು ಕಡಿಮೆ. ಹೀಗಾಗಿ 100 ಕಲದಾರಕ್ಕೆ 116 ಹಾಲಿ, ಮೇಲೆ ಹತ್ತಾಣೆ ಚಿಲ್ಲರೆ ಕೊಡಬೇಕಿತ್ತು. ಮೂರನೆಯದು ಮೋಡು, ಕರಗಿಸಲಿಕ್ಕೆ ಬಂದ ಹಳೆ ಸಾಮಾನು, ಒರೆಗಲ್ಲು ಹೇಳಿದಷ್ಟು. ಯಾರ ಕಡಗ, ಯಾವ ಮದುವೆಯದು, ಯಾವ ಪತ್ತಾರ ಮಾಡಿದ್ದು ಎಂಬುದಕ್ಕೆ ವಹಿಯಲ್ಲಿ ಕಾಲಮ್ಮೇ ಇರಲಿಲ್ಲ. ತೂಕ, ಒರೆ, ದರ, ಬಾಕಿ, ಅಷ್ಟೆ. ಸರಾಫಿ ಧಂದೆಗೆ ನೆನಪಿನ ಶಕ್ತಿ ಬಹಳ ಎನ್ನುತ್ತಾರೆ. ನಿಜ, ಆದರೆ ಅದು ಸಾಲದ ನೆನಪು. ಸಾಮಾನಿನ ನೆನಪನ್ನು ಮೂಸೆಗೆ ಹಾಕುವುದೇ ನಮ್ಮ ಕೆಲಸವಾಗಿತ್ತು.

ಇಂಗ್ಲಿಷ್ ಬೆಳ್ಳಿಯ ಒಂದು ಕೆನೆಜಗ್ಗು ನಮ್ಮ ಅಂಗಡಿಗೆ ಬಂದದ್ದು 1980ರ ಜನವರಿಯಲ್ಲಿ. ಅಮೆರಿಕದ ಟೆಕ್ಸಸ್‌ನ ಹಂಟ್ ಸಹೋದರರು ಜಗತ್ತಿನ ಬೆಳ್ಳಿಯನ್ನೆಲ್ಲ ಬಾಚಿ ಕೂಡಿಡಲು ಹೊರಟು, ಒಂದು ಔನ್ಸಿಗೆ 50 ಡಾಲರಿನ ಹತ್ತಿರ ದರ ಏರಿಸಿದ ತಿಂಗಳದು. ಲಂಡನ್ ಮತ್ತು ನ್ಯೂಯಾರ್ಕಿನಲ್ಲಿ ಜನ ಅಜ್ಜಿ ಕಾಲದ ಚಹಾದ ಸೆಟ್ಟುಗಳನ್ನು ಚೀಲದಲ್ಲಿ ತುಂಬಿ ಕರಗಿಸುವವರ ಬಾಗಿಲಿಗೆ ನಿಂತರು. ಎಷ್ಟು ಹಳೆಯ ಬೆಳ್ಳಿ ಆಗ ಗಟ್ಟಿಯಾಗಿ ಹೋಯಿತೋ ಲೆಕ್ಕವಿಲ್ಲ. ಆ ಗಾಳಿ ರಾಯಚೂರಿಗೂ ಬೀಸಿತು. ಬಾಂಬೆಯಿಂದ ಬೆಳಗಿಗೊಂದು ಸಂಜೆಗೊಂದು ರೇಟು. ಲಿಂಗಸುಗೂರು, ಸಿರವಾರ, ಗಬ್ಬೂರಿನಿಂದ ಬಸ್ಸಿಳಿದವರು ಸೀದಾ ಅಂಗಡಿಗೆ. ದೇವದುರ್ಗದ ಒಂದು ಮನೆಯವರು ಗಂಟು ಬಿಚ್ಚಿದಾಗ ಮುರಿದ ಗೆಜ್ಜೆ, ಚಪ್ಪಟೆಯಾದ ಲೋಟಗಳ ನಡುವೆ ಇದೂ ಇತ್ತು. ಹೊಟ್ಟೆ ಅಗಲ, ಎತ್ತರ ಕಡಿಮೆ, ಮುಂದೆ ಬಾಗಿದ ತುಟಿ, ಹಿಂದೆ ಮೇಲಕ್ಕೆದ್ದ ಹಿಡಿಕೆ, ಅಂಚಿನ ಸುತ್ತ ಹೆಣೆದಂಥ ಗೀರು. ಒಳಗೆ ಬಂಗಾರದ ಮುಲಾಮು ಅರ್ಧಂಬರ್ಧ ಸವೆದಿತ್ತು. ತೂಕ 12 ತೊಲಿ.

"ಇದೇನು, ತುಪ್ಪದ ಗಿಂಡಿಯೋ?" ಅಂತ ಅಪ್ಪ ಕೇಳಿದರು. "ಹೂಂ, ಅದರಾಗ ತುಪ್ಪನ ಹಾಕ್ತಿದ್ವಿ" ಅಂದರು ಬಂದವರು.

ಅಪ್ಪ ಅದನ್ನು ಕೊಂಡರು, ಆದರೆ ಕರಗಿಸಲಿಲ್ಲ. ಕಲೆಯ ಮೇಲಿನ ಪ್ರೀತಿಯಿಂದ ಉಳಿಸಿದರು ಎಂದು ಬರೆದರೆ ಓದಲು ಚೆನ್ನ, ಆದರೆ ನಡೆದದ್ದು ಹಾಗಲ್ಲ. ಒರೆಗೆ ತಿಕ್ಕಿದಾಗ ಅದು ಕಲದಾರಕ್ಕಿಂತ ಒಂದು ಕೂದಲೆಳೆ ಮೇಲೆ ನಿಂತಿತು. ತಳದಲ್ಲಿ ಸಣ್ಣ ಸಣ್ಣ ಮುದ್ರೆಗಳಿದ್ದವು. ಅವು ಏನೆಂದು ತಿಳಿದ ಮೇಲೆ ದರ ಹಚ್ಚೋಣ ಎಂದು ಪಕ್ಕಕ್ಕಿಟ್ಟರು. ಅಷ್ಟರಲ್ಲಿ ಮಾರ್ಚ್ 27 ಬಂತು. ಬೆಳ್ಳಿ ಒಂದೇ ದಿನದಲ್ಲಿ 11 ಡಾಲರಿನೊಳಗೆ ಕುಸಿದು ಹಂಟ್ ಸಹೋದರರು ಮುಳುಗಿದರು. ಕೊಂಡ ದರಕ್ಕೆ ಕರಗಿಸಿದರೆ ನಷ್ಟ. ಜಗ್ಗು ತಿಜೋರಿಯಲ್ಲೇ ಉಳಿಯಿತು. ಮುದ್ರೆ ಓದುವ ಕೆಲಸ ನನ್ನ ಪಾಲಿಗೆ ಬಂತು.

ಇಂಗ್ಲಿಷ್ ಬೆಳ್ಳಿಯ ಮುದ್ರೆ ಒಂದು ಸಲ ಓದಲು ಬಂದರೆ ಆಮೇಲೆ ಅದೊಂದು ಚಟ. ನಡೆಯುತ್ತಿರುವ ಸಿಂಹ ಇದ್ದರೆ ಸ್ಟರ್ಲಿಂಗ್, ಅಂದರೆ ಸಾವಿರಕ್ಕೆ 925 ಪಾಲು ಶುದ್ಧ ಬೆಳ್ಳಿ. ಈ ಸಿಂಹ ನಡೆಯಲು ಶುರು ಮಾಡಿದ್ದು 1544ರಲ್ಲಿ. ಚಿರತೆಯ ಮುಖ ಅದಕ್ಕಿಂತ ಹಳೆಯದು, 1300ರಲ್ಲಿ ಒಂದನೇ ಎಡ್ವರ್ಡ್ ದೊರೆ ಮಾಡಿದ ಕಾಯ್ದೆಯದು. ಅದು ಲಂಡನ್ನಿನಲ್ಲಿ ಪರೀಕ್ಷೆಯಾದದ್ದರ ಗುರುತು. ಚಿರತೆಯ ತಲೆ ಮೇಲೆ ಕಿರೀಟವಿದ್ದರೆ ಸಾಮಾನು 1821ಕ್ಕಿಂತ ಹಿಂದಿನದು, ಆ ವರ್ಷ ಕಿರೀಟ ತೆಗೆದರು. ನಮ್ಮ ಜಗ್ಗಿನ ಚಿರತೆಗೆ ಕಿರೀಟವಿದೆ. ಇಂಗ್ಲಿಷಿನ ಒಂದು ಅಕ್ಷರ ವರ್ಷವನ್ನು ಹೇಳುತ್ತದೆ. 1478ರಿಂದ ವರ್ಷಕ್ಕೊಮ್ಮೆ ಅಕ್ಷರ ಬದಲಾಗುತ್ತಿತ್ತು, ಕಳ್ಳ ಬೆಳ್ಳಿ ಸಿಕ್ಕಿಬಿದ್ದರೆ ಯಾವ ಪರೀಕ್ಷಕನ ಕಾಲದಲ್ಲಿ ದಾಟಿತೆಂದು ಹಿಡಿಯಲು. ಇದರ ಮೇಲಿರುವುದು ದೊಡ್ಡಕ್ಷರದ ಓ. ಲಂಡನ್ನಿನ ಸುತ್ತಿನಲ್ಲಿ ಅದು 1809. ನಾಲ್ಕನೆಯದು ಮೂರನೇ ಜಾರ್ಜ್ ದೊರೆಯ ತಲೆ. ಐದನೆಯದು ಮಾಡಿದವನ ಹೆಸರಿನ ಮೊದಲಕ್ಷರಗಳು. ಒಂದು ಅಕ್ಷರ ಉಳಿದಿದೆ, ಇನ್ನೊಂದನ್ನು ದೇವದುರ್ಗದ ಯಾವುದೋ ಹುಣಿಸೆಹಣ್ಣು ತಿಂದಿದೆ.

ಆ ದೊರೆಯ ತಲೆ ಅಲಂಕಾರಕ್ಕೆ ಹಾಕಿದ್ದಲ್ಲ. ಅದು ತೆರಿಗೆಯ ರಸೀದಿ. ವಹಿ ಬರೆದವಳಾದ ನನಗೆ ಈ ಜಗ್ಗಿನ ಕತೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ ಭಾಗ ಇದೇ. 1784ರಲ್ಲಿ ಇಂಗ್ಲೆಂಡಿನ ಖಜಾನೆ ಅಮೆರಿಕದ ಯುದ್ಧ ಸೋತು ಬರಿದಾಗಿತ್ತು. ಚಹಾದ ಮೇಲೆ ನೂರಕ್ಕೆ 119ರಷ್ಟು ಸುಂಕ ಇದ್ದುದರಿಂದ ದೇಶ ಕುಡಿಯುವ ಚಹಾದಲ್ಲಿ ಬಹುಪಾಲು ಕಳ್ಳಸಾಗಣೆಯದು. ಪ್ರಧಾನಿ ಪಿಟ್ ಅದನ್ನು ಒಂದೇ ಏಟಿಗೆ ನೂರಕ್ಕೆ 12.5ಕ್ಕೆ ಇಳಿಸಿದ. ಕಳ್ಳರ ಧಂದೆ ಬಿತ್ತು, ಈಸ್ಟ್ ಇಂಡಿಯಾ ಕಂಪನಿಯ ಚಹಾ ಬಡವರ ಮನೆಗೂ ಹೊಕ್ಕಿತು. ಅದೇ ವರ್ಷ ಡಿಸೆಂಬರಿನಲ್ಲಿ ಅದೇ ಸರ್ಕಾರ ಬೆಳ್ಳಿ ಸಾಮಾನಿನ ಮೇಲೆ ಔನ್ಸಿಗೆ ಆರು ಪೆನ್ನಿ ಹೊಸ ತೆರಿಗೆ ಹಾಕಿ, ಕಟ್ಟಿದ್ದಕ್ಕೆ ಗುರುತಾಗಿ ದೊರೆಯ ತಲೆ ಒತ್ತಿಸಿತು. ಒಂದು ಕೈಯಿಂದ ಚಹಾ ಕುಡಿಯಿರಿ ಎಂದಿತು, ಇನ್ನೊಂದು ಕೈಯಿಂದ ಅದರ ಪಾತ್ರೆಯ ಮೇಲೆ ಕಾಸು ಕಿತ್ತಿತು. ನೆಪೋಲಿಯನ್ ಕಾಲದ ಯುದ್ಧ ಬೆಳೆದಂತೆ ತೆರಿಗೆಯೂ ಬೆಳೆದು, 1804ರಿಂದ ಔನ್ಸಿಗೆ ಒಂದು ಶಿಲಿಂಗ್ ಮೂರು ಪೆನ್ನಿ. ನಮ್ಮ 12 ತೊಲಿ ಅಂದರೆ ನಾಲ್ಕೂವರೆ ಔನ್ಸು. ಐದು ಶಿಲಿಂಗ್ ಏಳೂವರೆ ಪೆನ್ನಿ ತೆರಿಗೆ ಕಟ್ಟಿ ಈ ಜಗ್ಗು ಲಂಡನ್ನಿನ ಪರೀಕ್ಷೆಯ ಮನೆಯಾದ ಗೋಲ್ಡ್‌ಸ್ಮಿತ್ಸ್ ಹಾಲಿನ ಬಾಗಿಲು ದಾಟಿದೆ. ದೊರೆಯ ತಲೆ ಒತ್ತುವುದು ನಿಂತದ್ದು 1890ರಲ್ಲಿ.

ಚಹಾಕ್ಕೆ ಬೇರೆ ಜಗ್ಗು ಯಾಕೆ ಬೇಕು ಎಂದು ನಮ್ಮ ಅಡಿಗೆಮನೆಯಲ್ಲಿ ಯಾರಾದರೂ ಕೇಳಬಹುದು. ನಾವು ಪುಡಿ, ಸಕ್ಕರೆ, ಹಾಲು ಎಲ್ಲ ಒಂದೇ ಪಾತ್ರೆಗೆ ಸುರಿದು ಕುದಿಸುವವರು. ಅವರು ಬರೀ ಡಿಕಾಕ್ಷನ್ ಮೇಜಿಗೆ ತಂದು, ಹಾಲನ್ನೋ ಕೆನೆಯನ್ನೋ ಬೇರೆ ಇಟ್ಟು, ಕಪ್ಪಿನಲ್ಲಿ ಬೆರೆಸಿಕೊಳ್ಳುವವರು. ಹದಿನೆಂಟನೇ ಶತಮಾನದ ಮೊದಲ ದಶಕಗಳಿಂದ ಆ ಕೆನೆಗೆಂದೇ ಪುಟ್ಟ ಬೆಳ್ಳಿ ಜಗ್ಗುಗಳು ಬಂದವು. ಮೊದಲು ಪಿಯರ್ ಹಣ್ಣಿನ ಆಕಾರ, ಆಮೇಲೆ ಮೂರು ಕಾಲಿನವು, 1780ರ ಹೊತ್ತಿಗೆ ಸೈನಿಕನ ಶಿರಸ್ತ್ರಾಣವನ್ನು ತಲೆಕೆಳಗು ಮಾಡಿದಂಥವು. ಈ ಕೊನೆಯ ತರದವಕ್ಕೆ ಹೆಸರಾದವಳು ಹೆಸ್ಟರ್ ಬೇಟ್‌ಮನ್ ಎಂಬ ವಿಧವೆ. ಗಂಡ ತೀರಿದ ಮೇಲೆ 1761ರಲ್ಲಿ ತನ್ನದೇ ಮುದ್ರೆ ನೋಂದಾಯಿಸಿ, ಮಕ್ಕಳನ್ನು ಸೇರಿಸಿಕೊಂಡು 1790ರ ತನಕ ಲಂಡನ್ನಿನಲ್ಲಿ ಕಾರ್ಖಾನೆ ನಡೆಸಿದಳು. ನಮ್ಮ ಸರಾಫಿಯಲ್ಲಿ ವಿಧವೆಯರು ಅಂಗಡಿ ನಡೆಸಿದ್ದು ನಾನು ಕಂಡಿದ್ದೇನೆ, ಆದರೆ ಬೋರ್ಡಿನ ಮೇಲೆ ಹೆಸರು ಮಗನದ್ದೇ ಇರುತ್ತಿತ್ತು. ಜಾನ್ ಶೂಪ್ ಎಂಬವನು 1750, 60ರ ಸುಮಾರಿಗೆ ಹಸುವಿನ ಆಕಾರದ ಜಗ್ಗು ಮಾಡುತ್ತಿದ್ದ. ಬೆನ್ನಿನ ಮೇಲೆ ಮುಚ್ಚಳ, ಮುಚ್ಚಳದ ಮೇಲೊಂದು ನೊಣ, ಮಡಿಸಿದ ಬಾಲವೇ ಹಿಡಿಕೆ, ಕೆನೆ ಬರುವುದು ಹಸುವಿನ ಬಾಯಿಂದ. ಇಂಗ್ಲಿಷರಿಗೆ ಅದು ತಮಾಷೆ. ಗೋಮುಖದಿಂದ ತೀರ್ಥ ಹಿಡಿದು ಬೆಳೆದ ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುವುದಿಲ್ಲ.

ನಮ್ಮದು ಅಂಥ ಸೋಜಿಗದ ಸಾಮಾನಲ್ಲ. 1809ರ ಹೊತ್ತಿಗೆ ಕೆಟಲು, ಸಕ್ಕರೆ ಬಟ್ಟಲು, ಕೆನೆಜಗ್ಗು ಮೂರೂ ಒಂದೇ ನಮೂನೆಯ ಸೆಟ್ಟಾಗಿ ಬರುತ್ತಿದ್ದವು. ದೋಣಿಯಂತೆ ಅಗಲ ಹೊಟ್ಟೆಯ ಈ ನಮೂನೆ ಆಗಿನ ಮಧ್ಯಮವರ್ಗದವರ ರೂಢಿ. ಒಳಗಿನ ಬಂಗಾರ ಹುಳಿಯಾದ ಕೆನೆ ಬೆಳ್ಳಿಯನ್ನು ಕಪ್ಪಾಗಿಸದಿರಲಿ ಎಂದು. ಆಗ ಅದನ್ನು ಪಾದರಸದಲ್ಲಿ ಬಂಗಾರ ಕಲಸಿ, ಸವರಿ, ಬೆಂಕಿಗೆ ಹಿಡಿದು ಕೂರಿಸುತ್ತಿದ್ದರು. ನಮ್ಮ ಪತ್ತಾರರ ಮುಲಾಮೂ ಅದೇ ಕ್ರಮದ್ದು, ಅದೇ ವಿಷದ ಹೊಗೆ ಕುಡಿಸುವಂಥದ್ದು.

ಅದೇ 1809ರಲ್ಲಿ ಇತ್ತ ನಮ್ಮ ಸೀಮೆಯ ಮಾನ್ವಿಯಲ್ಲಿ ಜಗನ್ನಾಥದಾಸರು ತೀರಿಕೊಂಡರು. ಹರಿಕಥಾಮೃತಸಾರ ಬರೆದವರು, ಹುಟ್ಟಿದ್ದು ಮಾನ್ವಿ ತಾಲೂಕಿನ ಬ್ಯಾಗವಾಟದಲ್ಲಿ. ಅವರಿಗೂ ಹಿಂದಿನ ವಿಜಯದಾಸರು ಅದೇ ತಾಲೂಕಿನ ಚೀಕಲಪರವಿಯವರು, ಗೋಪಾಲದಾಸರು ದೇವದುರ್ಗದ ಮೊಸರಕಲ್ಲಿನವರು. ಹೈದರಾಬಾದಿನಲ್ಲಿ ಸಿಕಂದರ್ ಜಾ ನಿಜಾಮ. ಚಹಾ ಎಂಬ ಪದಾರ್ಥ ಈ ಊರುಗಳಿಗೆ ಇನ್ನೂ ಬಂದಿರಲಿಲ್ಲ. ಹಾಲು, ತುಪ್ಪ ಹೊಯ್ಯುವ ಬೆಳ್ಳಿಗೆ ಮಾತ್ರ ಇಲ್ಲಿ ಬೇರೆಯದೇ ಸಂಸಾರವಿತ್ತು. ಕೂಸಿಗೆ ಹಾಲು ಕುಡಿಸುವ ಒಳಲೆ, ಪೂಜೆಗೆ ಪಂಚಪಾತ್ರೆ ಮತ್ತು ಉದ್ಧರಣೆ, ಹಬ್ಬದ ಪಂಕ್ತಿಯಲ್ಲಿ ಹೋಳಿಗೆ ಮೇಲೆ ತುಪ್ಪ ಬಿಡುವ ಗಿಂಡಿ. ಒಳಲೆ ಮತ್ತು ಕೆನೆಜಗ್ಗನ್ನು ಪಕ್ಕಪಕ್ಕ ಇಟ್ಟು ನೋಡಿದ್ದೇನೆ. ಎರಡನ್ನೂ ಮಾಡಿದ ಪತ್ತಾರರಿಗೆ ಸಿಕ್ಕ ಲೆಕ್ಕ ಒಂದೇ: ಹಾಲು ತೊಟ್ಟಿಕ್ಕದೆ ಬೀಳಬೇಕಾದರೆ ತುಟಿಯ ತುದಿ ಎಷ್ಟು ತೆಳ್ಳಗಿರಬೇಕು. ಲಂಡನ್ನಿನವನು ತುಟಿಯನ್ನು ಹೊರಕ್ಕೆ ಬಗ್ಗಿಸಿದ. ನಮ್ಮವನು ಕೂಸಿನ ಬಾಯಿ ನೆನೆದು ಅದನ್ನು ಉದ್ದಕ್ಕೆ ಎಳೆದು ದುಂಡಗೆ ಮಾಡಿದ.

ಇಂಗ್ಲಿಷ್ ಚಹಾದ ಸಾಮಾನು ಈ ಸೀಮೆಗೆ ಬಂದ ದಾರಿಗಳು ಇತಿಹಾಸದಲ್ಲಿ ಚೆನ್ನಾಗಿಯೇ ಕಾಣುತ್ತವೆ. ಮೊದಲನೆಯದು ಲಿಂಗಸುಗೂರಿನ ಛಾವಣಿ. ನಿಜಾಮರ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಸೈನ್ಯ ಅಲ್ಲಿತ್ತು. ಆ ಖರ್ಚಿನ ಬಾಕಿ ಏರಿ ಏರಿ, 1853ರ ಮೇ 21ರ ಒಪ್ಪಂದದಲ್ಲಿ ನಿಜಾಮರು ಬೇರಾರ್ ಮತ್ತು ಧಾರಾಶಿವದ ಜೊತೆಗೆ ರಾಯಚೂರು ದೋಆಬನ್ನೂ ಬ್ರಿಟಿಷರಿಗೆ ಒಪ್ಪಿಸಿದರು. ಏಳು ವರ್ಷ ಇಲ್ಲಿ ಕಂಪನಿಯ, ಆಮೇಲೆ ರಾಣಿಯ ಆಡಳಿತ. 1858ರಲ್ಲಿ ಸುರಪುರದ ದೊರೆ ವೆಂಕಟಪ್ಪ ನಾಯಕ ದಂಗೆಯೆದ್ದು, ಸೆರೆಯಾಗಿ, ಗುಂಡೇಟಿಗೆ ಸತ್ತ ಮೇಲೆ ಸುರಪುರವನ್ನೂ ಸೇರಿಸಿ 1860ರಲ್ಲಿ ಎಲ್ಲ ನಿಜಾಮರಿಗೆ ಮರಳಿತು. ದೇವದುರ್ಗದಿಂದ ಕೃಷ್ಣೆ ದಾಟಿದರೆ ಸುರಪುರ. ಅಲ್ಲಿ 1841ರಿಂದ 1853ರ ತನಕ ಬಾಲದೊರೆಯ ಪರವಾಗಿ ರಾಜ್ಯಭಾರ ನೋಡಿಕೊಂಡ ಮೆಡೋಸ್ ಟೇಲರನ ಬಂಗಲೆ, ಟೇಲರ್ ಮಂಜಿಲ್, ಇವತ್ತಿಗೂ ನಿಂತಿದೆ. ಅಧಿಕಾರಿಗೆ ವರ್ಗವಾದರೆ ಕುದುರೆ, ಕುರ್ಚಿ, ಚಹಾದ ಸೆಟ್ಟು ಎಲ್ಲ ಲಿಲಾವಿಗೆ ಹೋಗುವುದು ಆ ಕಾಲದ ಪದ್ಧತಿ.

ಎರಡನೆಯ ದಾರಿ ರೈಲು. 1871ರಲ್ಲಿ ಬಾಂಬೆಯ ಜಿ.ಐ.ಪಿ. ರೈಲೂ ಮದರಾಸಿನ ರೈಲೂ ಬಂದು ಕೂಡಿಕೊಂಡದ್ದು ನಮ್ಮ ರಾಯಚೂರಿನಲ್ಲೇ. ಮದರಾಸಿನ ಮೌಂಟ್ ರೋಡಿನ ಪಿ. ಓರ್ ಅಂಡ್ ಸನ್ಸ್ ಅಂಗಡಿ ಆಗ ಸ್ವಾಮಿ ಬೆಳ್ಳಿಗೆ ಪ್ರಸಿದ್ಧ. ಇಂಗ್ಲಿಷ್ ಆಕಾರದ ಕೆಟಲು ಜಗ್ಗುಗಳ ಹೊಟ್ಟೆಯ ಸುತ್ತ ದಕ್ಷಿಣದ ಪತ್ತಾರರು ಉಬ್ಬಿಸಿದ ದೇವರ ಮೂರ್ತಿಗಳು. ವಿಷ್ಣುವಿನ ಹೊಟ್ಟೆಯ ಮೇಲೆ ಹಾಲು ಸೋರಿಸುತ್ತ ದೊರೆಸಾನಿಯರು ಚಹಾ ಕುಡಿದರು. ನನಗೆ ಆ ಕೆಲಸ ಅಷ್ಟು ಹಿಡಿಸದು. ಮೂರ್ತಿಗಳ ಕೈಕಾಲಿನಲ್ಲಿ ಜೀವವಿದೆ, ಪಾತ್ರೆಗೆ ಉಸಿರುಗಟ್ಟಿದೆ.

ಅದೇ ರೈಲು ಮೋಸವನ್ನೂ ತಂದಿತು. 1840ರಲ್ಲಿ ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್ಟನ್ ಮನೆತನ ವಿದ್ಯುತ್ತಿನಿಂದ ಬೆಳ್ಳಿ ಲೇಪಿಸುವ ಪೇಟೆಂಟ್ ಪಡೆದ ಮೇಲೆ ತಾಮ್ರ, ನಿಕ್ಕಲ್, ಸತುವಿನ ಸಾಮಾನಿಗೆ ಬೆಳ್ಳಿಯ ಪೊರೆ ಹೊದಿಸಿ ಇ.ಪಿ.ಎನ್.ಎಸ್. ಎಂದು ಒತ್ತಿ ಮಾರುವುದು ಶುರುವಾಯಿತು. ಕಂಪನಿ ತಾನಾಗಿ ಸುಳ್ಳು ಹೇಳಲಿಲ್ಲ, ಒತ್ತಿದ ಅಕ್ಷರವನ್ನು ನಾವೇ ಬೆಳ್ಳಿಯ ಮುದ್ರೆ ಎಂದುಕೊಂಡೆವು. ಮುತ್ತಜ್ಜ ಕೊಟ್ಟ ಇಂಗ್ಲಿಷ್ ಬೆಳ್ಳಿ ಎಂದು ಎದೆಗವಚಿ ತಂದವರಿಗೆ ಅಪ್ಪ ಒರೆಗಲ್ಲು ತೋರಿಸುತ್ತಿದ್ದರು. ಪೊರೆಯ ಕೆಳಗಿನ ಹಳದಿ ಬಣ್ಣ ನೋಡಿ ಮುದುಕರು ಅತ್ತದ್ದೂ ಉಂಟು.

ದೇವದುರ್ಗದ ಆ ಮನೆಯವರು ಹೇಳಿದ ಕತೆ ಮೂರನೆಯ ದಾರಿಯದು. ಹಟ್ಟಿಯಲ್ಲಿ 1902ರಿಂದ 1920ರ ತನಕ ಇಂಗ್ಲಿಷ್ ಕಂಪನಿ ಬಂಗಾರ ತೆಗೆಯಿತು. ಆ ಕಾಲದ ಗಣಿ ಎಂಜಿನಿಯರುಗಳಿಗೆ ಬಂಡೆ ಹುಡುಕುತ್ತ ಸೀಮೆಯೆಲ್ಲ ತಿರುಗುವುದೇ ಕೆಲಸ. 1915ರಲ್ಲಿ ಸಿ. ಬೀಡನ್ ಎಂಬ ಅಂಥವನೊಬ್ಬ ಬಂಗಾರದ ಜಾಡು ಹಿಡಿದು ಮಸ್ಕಿಗೆ ಹೋದಾಗ ಸಿಕ್ಕದ್ದು ಅಶೋಕನ ಶಾಸನ. 1920ರಲ್ಲಿ ಗಣಿ ಮುಚ್ಚಿ ಬಂಗಲೆಗಳು ಖಾಲಿಯಾದಾಗ, ಅಲ್ಲಿ ಗುಮಾಸ್ತರಾಗಿದ್ದ ಅವರ ಅಜ್ಜ ಬಾಕಿ ಪಗಾರದ ಬದಲಿಗೆ ಈ ಜಗ್ಗು ತಂದರಂತೆ. ಕತೆ ನಂಬುವಂತಿದೆ, ಯಾಕೆಂದರೆ ಅದರಲ್ಲಿ ಯಾರೂ ದೊಡ್ಡವರಿಲ್ಲ. ದೊರೆ ಕೊಟ್ಟ ಇನಾಮು ಎಂದಿದ್ದರೆ ನಾನು ಒಂದು ರೂಪಾಯಿಯಷ್ಟೂ ನಂಬುತ್ತಿರಲಿಲ್ಲ.

ಆ ಮನೆಯಲ್ಲಿ ಅದಕ್ಕೆ ಚಹಾದ ಕೆಲಸ ಇರಲಿಲ್ಲ. 1930ರ ದಶಕದಲ್ಲಿ ಟೀ ಮಾರುಕಟ್ಟೆ ವಿಸ್ತರಣಾ ಮಂಡಳಿಯವರು ಊರೂರಿಗೆ ಬಂದು ಪುಕ್ಕಟೆ ಚಹಾ ಕುಡಿಸಿ ಕಲಿಸಿದ ಮೇಲೂ ನಮ್ಮವರು ಕುದಿಸಿಯೇ ಕುಡಿದರು. ಜಗ್ಗು ಗಿಂಡಿಯಾಯಿತು. ತುಪ್ಪಕ್ಕೆ ಅದರ ತುಟಿ ತುಸು ಅಗಲವೇ, ಹೋಳಿಗೆ ಮೇಲೆ ಧಾರಾಳವಾಗಿ ಬೀಳುತ್ತದೆ. ಬೀಗರ ಊಟದಲ್ಲಿ ಅದಕ್ಕೆ ಒಳ್ಳೆ ಹೆಸರು ಬಂದದ್ದು ಅದಕ್ಕೇ. ಹಬ್ಬಕ್ಕೊಮ್ಮೆ ಹುಣಿಸೆಹಣ್ಣು, ಆಮೇಲೆ ವಿಭೂತಿ ಹಚ್ಚಿ ತಿಕ್ಕುವುದರಿಂದ ಬಂಗಾರ ಹೋಯಿತು, ಸಿಂಹದ ಬಾಲ ಮಾಸಿತು.

ಇದೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಹೊಟ್ಟೆಯ ಪಕ್ಕಕ್ಕಿರುವ ಬರಹ. ಚುಕ್ಕೆ ಚುಕ್ಕೆಯಾಗಿ ಉಳಿಯಲ್ಲಿ ಕುಟ್ಟಿದ ಕನ್ನಡ ಅಕ್ಷರಗಳು: ಒಬ್ಬ ಹೆಣ್ಣುಮಗಳ ಹೆಸರು, ತವರಿನ ಊರು, ಮದುವೆಯ ಸಂವತ್ಸರ. ಪಾತ್ರೆಗೆ ಹೆಸರು ಹಾಕಿಸುವ ನಮ್ಮ ಪದ್ಧತಿ. ತಳದಲ್ಲಿ ಇಂಗ್ಲಿಷರ ಐದು ಮುದ್ರೆ: ಎಷ್ಟು ಶುದ್ಧ, ಎಲ್ಲಿ ಪರೀಕ್ಷೆ, ಯಾವ ವರ್ಷ, ತೆರಿಗೆ ಕಟ್ಟಿತೋ, ಮಾಡಿದವನು ಯಾರು. ಹೊಟ್ಟೆಯ ಮೇಲೆ ನಮ್ಮದು: ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ಶುಭಕ್ಕೆ ಕೊಟ್ಟರು. ಮಾಡಿದ ಪತ್ತಾರನ ಹೆಸರು ನಮ್ಮ ಸಾಮಾನಿನ ಮೇಲೆ ಎಲ್ಲೂ ಇಲ್ಲ. ಸರ್ಕಾರದ ಪರೀಕ್ಷೆ ನಮಗೆ ಗೊತ್ತಿಲ್ಲದ್ದೇನಲ್ಲ, ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ ಸುವರ್ಣಾಧ್ಯಕ್ಷನೂ ಇದ್ದಾನೆ, ಒರೆಗಲ್ಲೂ ಇದೆ. ಅದು ಸಾಮಾನಿನ ಮೈಮೇಲೆ ಉಳಿಯುವ ಅಕ್ಷರವಾಗಲಿಲ್ಲ, ಸರಾಫನ ಬಾಯಿಮಾತಾಗಿಯೇ ಉಳಿಯಿತು. ಇಲ್ಲಿ ಭಾರತೀಯ ಮಾನಕ ಬ್ಯೂರೋ (ಬಿ.ಐ.ಎಸ್.) ಬೆಳ್ಳಿಗೆ ಹಾಲ್‌ಮಾರ್ಕ್ ತಂದದ್ದು 2005ರಲ್ಲಿ, ಇಂಗ್ಲಿಷರ ಚಿರತೆಗಿಂತ 705 ವರ್ಷ ತಡ. ಅದೂ ಇವತ್ತಿಗೂ ಮನಸ್ಸಿದ್ದವರಿಗೆ ಮಾತ್ರ, ಕಡ್ಡಾಯವಿಲ್ಲ. ಇದರ ಫಲ ನೋಡಿ: ಲಂಡನ್ನಿನ ಸಾಧಾರಣ ಜಗ್ಗಿನ ಹುಟ್ಟಿದ ವರ್ಷ ನಾನು ಹೇಳಬಲ್ಲೆ, ನನ್ನ ಅಜ್ಜಿಯ ಒಳಲೆ ಯಾವ ಕಾಲದ್ದೆಂದು ಹೇಳಲಾರೆ.

ಜಗ್ಗು ಈಗ ಮಾನ್ವಿಯಲ್ಲಿದೆ. ಬೆಳ್ಳಿ ಮತ್ತೆ ಏರುವ ಮೊದಲೇ ಅಪ್ಪ ಅದನ್ನು ನನ್ನ ತಂಗಿಯ ಮದುವೆಗೆ ಕೊಟ್ಟುಬಿಟ್ಟರು. ಕೊಡುವ ಮೊದಲು ಹಳೆಯ ಹೆಸರಿನ ಕೆಳಗೆ ಅವಳ ಹೆಸರನ್ನೂ ಕುಟ್ಟಿಸಿದರು. ಹಳೆಯದನ್ನು ಸವರಿಬಿಡೋಣವೇ ಎಂದು ಪತ್ತಾರ ಕೇಳಿದಾಗ "ಇರಲಿ ಬಿಡು, ಆಕೀನೂ ಯಾರದೋ ಮಗಳು" ಅಂದರು. ಕಳೆದ ದೀಪಾವಳಿಗೆ ತೂಗಿದಾಗ ಹನ್ನೆರಡು ತೊಲಿಗೆ ತುಸು ಕಡಿಮೆ ಬಂತು.

ನಿವೃತ್ತಿಯಾದ ಮೇಲೆ ನಾನು ಇಂಥ ಚುಕ್ಕೆಬರಹಗಳನ್ನು ಬರೆದಿಟ್ಟುಕೊಳ್ಳುತ್ತಿದ್ದೇನೆ, ರಾಯಚೂರು, ಮಾನ್ವಿ, ದೇವದುರ್ಗದ ಗುರುತಿನ ಮನೆಗಳಲ್ಲಿ. ಕಂಚಿನ ತಟ್ಟೆ, ಹಿತ್ತಾಳೆ ಕೊಡಗಳ ಮೇಲೆ ಸಿಗುವಷ್ಟು ಬೆಳ್ಳಿಯ ಮೇಲೆ ಸಿಗುವುದಿಲ್ಲ, ಬೆಳ್ಳಿ ಕರಗಿ ಹೋಗುತ್ತದೆ. ಕೆಲವರು ಸಂವತ್ಸರ ಬರೆಸಿದ್ದಾರೆ, ಅದರಿಂದ ಅರವತ್ತು ವರ್ಷದ ಸುತ್ತು ಯಾವುದೆಂದು ತಿಳಿಯದು. ನಿಜಾಮರ ಕಚೇರಿಯಲ್ಲಿ ನೌಕರಿ ಮಾಡಿದವರ ಮನೆಗಳಲ್ಲಿ ಫಸಲಿ ಇಸವಿ ಇರುತ್ತದೆ, ಅದಕ್ಕೆ 590 ಕೂಡಿಸಿದರೆ ಲೆಕ್ಕ ಸಿಗುತ್ತದೆ. ಬೆಳ್ಳಿಯಲ್ಲಿ ನನಗೆ ಸಿಕ್ಕ ಅತಿ ಹಳೆಯ ಇಸವಿ ಒಂದು ಒಳಲೆಯ ಮೇಲಿನದು, ಫಸಲಿ 1331, ಅಂದರೆ 1921ರ ಸುಮಾರು. ಕೊಟ್ಟದ್ದು ಸೋದರಮಾವ, ಕೂಸಿನ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ. ತೊಟ್ಟಿಲಿಗೆ ಹಾಕುವ ಮೊದಲೇ ಒಳಲೆ ಮಾಡಿಸಿದ್ದಿರಬೇಕು.